ಒತ್ತಿದ ಕಾಲು ಎತ್ತಬೇಡಿ

ಹೆಣ್ಣು ನೋಡಲು ಹೋದ ದಿನ ಜಯಮ್ಮನ ಅಪ್ಪ ನನ್ನನ್ನು ಎದುರಿಗೆ ಕೂರಿಸಿಕೊಂಡು, “ಏನ್ ಕೆಲ್ಸ ಮಾಡ್ತೀರಿ?” ಅಂತ ಕೇಳಿದರು. ಹೊಸ ಅಂಗಿಯ ಕಾಲರು ಕುತ್ತಿಗೆ ಕೊರೆಯುತ್ತಿತ್ತು, ಒಳಗಿನಿಂದ ಬಳೆ ಸದ್ದು ಬೇರೆ. ಗಾಬರಿಯಲ್ಲಿ, “ಗಾಡಿ ನಿಲ್ಸೋ ಕೆಲ್ಸ” ಅಂದುಬಿಟ್ಟೆ. ಪಾಪ, ಅವರು ನನ್ನನ್ನು ಟ್ರಾಫಿಕ್ ಪೊಲೀಸ್ ಅಂತ ತಿಳಿದು ಸ್ವಲ್ಪ ನೆಟ್ಟಗೆ ಕೂತರು. ಜೊತೆಗೆ ಬಂದಿದ್ದ ನಮ್ಮ ಸೋದರಮಾವ, “ಬ್ರೇಕ್ ರಿಪೇರಿ ಮಾಡ್ತಾನೆ ಕಣಪ್ಪ, ಪಾಂಡವಪುರದ ಗ್ಯಾರೇಜಲ್ಲಿ” ಎಂದು ಬಿಡಿಸಿ ಹೇಳಬೇಕಾಯಿತು. ಜಯಮ್ಮನ ಅಪ್ಪ, “ಓಡ್ಸೋರು ಊರ್ ತುಂಬ ಅವ್ರೆ. ನಿಲ್ಸೋನ್ ಒಬ್ಬ ಇರ್ಲಿ ಬುಡಿ” ಎಂದು ಒಪ್ಪಿಕೊಂಡರು.

ಜೀವಮಾನವಿಡೀ ನಾನು ಮಾಡಿದ್ದು ಅದನ್ನೇ. ಮೊದಲು ಪಾಂಡವಪುರದ ಒಂದು ತಗಡಿನ ಗ್ಯಾರೇಜಿನಲ್ಲಿ, ಆಮೇಲೆ ಶ್ರೀರಂಗಪಟ್ಟಣದಲ್ಲಿ ಹೆದ್ದಾರಿ ಪಕ್ಕದ ದೊಡ್ಡ ಸರ್ವಿಸ್ ಸೆಂಟರಿನಲ್ಲಿ. ಜನ ನನ್ನನ್ನು ಬ್ರೇಕ್ ಕಿಟ್ಟಣ್ಣ ಎಂದೇ ಕರೆದರು. ಕೃಷ್ಣೇಗೌಡ ಎಂಬ ಹೆಸರು ರೇಷನ್ ಕಾರ್ಡಿನಲ್ಲಿ ಉಳಿದುಕೊಂಡಿತು. ನಿವೃತ್ತನಾದ ಮೇಲೂ ಟೀ ಕುಡಿಯುವ ನೆಪ ಹೂಡಿ ವರ್ಕ್‌ಶಾಪಿಗೆ ಹೋಗುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಸುತ್ತ ಕೂತು ಹಳೆಯದನ್ನು ಕೇಳುತ್ತಾರೆ. ಹೇಳಿ ಹೇಳಿ ಬಾಯಿ ನೋಯುತ್ತದೆ, ಬರೆದೇ ಇಡೋಣ ಅಂತ ಕೂತಿದ್ದೇನೆ. ಯಾವಾಗ ಹೆಡ್ ಮೆಕ್ಯಾನಿಕ್ ಆದೆ ಎಂಬುದೆಲ್ಲ ಇಲ್ಲಿ ಬೇಡ. ಅದು ಜಯಮ್ಮನಿಗೂ ನೆನಪಿಲ್ಲ.

ನನ್ನ ಗುರುಗಳು ಬಾಷಾ ಸಾಬರು, ಪಾಂಡವಪುರದ ಗ್ಯಾರೇಜಿನ ಮಾಲೀಕರು. ಗಾಡಿ ಬಂದರೆ ಮೊದಲು ಚಪ್ಪಲಿ ಬಿಚ್ಚಿಸಿ, ಬರಿಗಾಲಿನಲ್ಲಿ ಪೆಡಲ್ ಒತ್ತಿಸಿ, ಕಣ್ಣು ಮುಚ್ಚಿಕೋ ಅನ್ನುತ್ತಿದ್ದರು. “ಅರೆ ಬೇಟಾ, ಬ್ರೇಕು ಕಣ್ಣಿಗೆ ಕಾಣಾಕಿಲ್ಲ. ಕಾಲಿಗೆ ಮಾತ್ರ ಗೊತ್ತಾಯ್ತದೆ. ಕಾಲನ್ನ ಕೇಳು.” ಪೆಡಲ್ ಮೆತ್ತಗೆ ಇಳಿದರೆ ಪೈಪಿನೊಳಗೆ ಗಾಳಿ ಸೇರಿದೆ. ಕಲ್ಲಿನಂತೆ ಗಟ್ಟಿಯಾಗಿದ್ದರೆ ಬೂಸ್ಟರ್ ಹೋಗಿದೆ. ಬೂಸ್ಟರ್ ಅಂದರೆ ನಮ್ಮ ಕಾಲಿನ ಬಲವನ್ನು ಹೆಚ್ಚಿಸಿ ಚಕ್ರಕ್ಕೆ ಮುಟ್ಟಿಸುವ ಡಬ್ಬಿ. ಇಷ್ಟನ್ನು ನನ್ನ ಅಂಗಾಲು ಕಲಿಯುವ ಹೊತ್ತಿಗೆ ಸಾಬರ ಗಡ್ಡ ಅರ್ಧ ನೆರೆತಿತ್ತು.

ಪೈಪಿನ ಗಾಳಿ ತೆಗೆಯುವುದು ಇಬ್ಬರ ಕೆಲಸ. ಸಾಬರು ಸೀಟಿನಲ್ಲಿ, ನಾನು ಗಾಡಿ ಕೆಳಗೆ. ನಾನು “ಒತ್ತಿ!” ಅನ್ನಬೇಕು, “ಇಡ್ಕಳಿ, ಇಡ್ಕಳಿ!” ಅನ್ನಬೇಕು, ನಟ್ಟು ತಿರುಗಿಸಿ ಮುಚ್ಚಿದ ಮೇಲೆ “ಬುಡಿ!” ಅನ್ನಬೇಕು. ರಸ್ತೆಯಲ್ಲಿ ಹೋಗುವ ಹೆಂಗಸರು ಒಳಗೆ ಯಾರಿಗೋ ಹೆರಿಗೆ ಆಗುತ್ತಿದೆ ಅಂತ ನಗುತ್ತಿದ್ದರು. ಒಂದು ಸಲ ನಗುವವರ ಕಡೆ ನೋಡುತ್ತಾ ಬ್ರೇಕ್ ಆಯಿಲ್ ಡಬ್ಬಿಯನ್ನು ಡಾಕ್ಟರೊಬ್ಬರ ಕಾರಿನ ಬಾನೆಟ್ ಮೇಲೆ ಚೆಲ್ಲಿಬಿಟ್ಟೆ. ಬ್ರೇಕ್ ಆಯಿಲ್ ಬಿದ್ದ ಕಡೆ ಬಣ್ಣ ಉಳಿಯುವುದಿಲ್ಲ. ಆ ಮಳೆಗಾಲದಲ್ಲಿ ಜ್ವರ ಬಂದು ಅದೇ ಡಾಕ್ಟರ ಹತ್ತಿರ ಹೋಗಬೇಕಾಯಿತು. ಸೂಜಿಯನ್ನು ಸ್ವಲ್ಪ ಜೋರಾಗಿಯೇ ಚುಚ್ಚಿದರು ಅಂತ ನನಗೆ ಇವತ್ತಿಗೂ ಅನುಮಾನ.

ಆ ಕಾಲದ ಬ್ರೇಕುಗಳು ಒಂದೇ ಒತ್ತಿಗೆ ಹಿಡಿಯುತ್ತಿರಲಿಲ್ಲ. ಜೋರಾಗಿ ಒತ್ತಿ ಹಿಡಿದರೆ ಚಕ್ರ ಕಚ್ಚಿಕೊಂಡು ಗಾಡಿ ತನಗೆ ಬೇಕಾದ ಕಡೆ ಜಾರುತ್ತಿತ್ತು. ಅದಕ್ಕೇ ಸಾಬರು ಗ್ಯಾರೇಜಿಗೆ ಬಂದ ಪ್ರತಿಯೊಬ್ಬ ಡ್ರೈವರಿಗೂ ಪಂಪ್ ಮಾಡುವುದನ್ನು ಕಲಿಸುತ್ತಿದ್ದರು: ಒತ್ತು, ಬಿಡು, ಮತ್ತೆ ಒತ್ತು, ಮತ್ತೆ ಬಿಡು. ಕಬ್ಬಿನ ಲಾರಿಯವರು, ಹಾಲಿನ ಟೆಂಪೋದವರು, ಬಾಡಿಗೆ ವ್ಯಾನಿನವರು, ಈ ಸೀಮೆಯಲ್ಲಿ ಸ್ಟಿಯರಿಂಗ್ ಹಿಡಿದವರೆಲ್ಲ ಹಾಗೇ ಕಲಿತರು. ಆ ಗಾಡಿಗಳಿಗೆ ಅದು ಸರಿಯಾದ ಪಾಠವೇ ಆಗಿತ್ತು, ಅನುಮಾನ ಬೇಡ.

ಶ್ರೀರಂಗಪಟ್ಟಣಕ್ಕೆ ಸೇರಿದ ಮೇಲೆ ನನ್ನ ಸಾಹೇಬರು ಸುಬ್ಬರಾಯರು. ಸಂಜೆಯಾದರೂ ಅವರ ಶರ್ಟಿನ ಇಸ್ತ್ರಿ ಮಡಿಕೆ ಕೆಡುತ್ತಿರಲಿಲ್ಲ, ನಾವು ಕೆಡಿಸಲು ಎಷ್ಟು ಪ್ರಯತ್ನಪಟ್ಟರೂ. ಹೊಸ ಮಾದರಿಯ ಕಾರುಗಳು ಬಂದವು, ಅವುಗಳಲ್ಲಿ ಬ್ರೇಕ್ ಅಸಿಸ್ಟ್ ಅಂತ ಒಂದು ಏರ್ಪಾಡು ಇದೆ ಅಂದರು. ಕಂಪನಿಯವರು ಕಳಿಸಿದ ಪುಸ್ತಕವನ್ನು ಎಲ್ಲರೂ ತಿರುವಿ ಹಾಕಿದೆವು, ಯಾರಿಗೂ ತಲೆಬುಡ ತಿಳಿಯಲಿಲ್ಲ. ಸುಬ್ಬರಾಯರು ಪುಸ್ತಕ ಮುಚ್ಚಿಟ್ಟು, ಪಕ್ಕದ ಹೊಲದವರನ್ನು ಕೇಳಿ ಒಂದು ಬೆರ್ಚಪ್ಪನನ್ನು, ಅಂದರೆ ಹಕ್ಕಿ ಬೆದರಿಸುವ ಹುಲ್ಲಿನ ಗೊಂಬೆಯನ್ನು, ತರಿಸಿದರು. ಅದನ್ನು ಹಿಂದಿನ ಖಾಲಿ ಜಾಗದ ನಡುವೆ ಹಳೆಯ ಟೈರಿನೊಳಗೆ ನೆಟ್ಟು, “ಇದು ನಿಮ್ಮ ಮಗು. ವೇಗವಾಗಿ ಬನ್ನಿ. ನಾನು ಸೀಟಿ ಊದಿದ ಕೂಡಲೇ ನಿಲ್ಲಿಸಿ” ಅಂದರು.

ಅಸಿಸ್ಟ್ ಇಲ್ಲದ ಹಳೆಯ ಕಾರೊಂದರ ಪೆಡಲಿಗೆ ಅಳತೆಯ ಯಂತ್ರ ಕಟ್ಟಿದ್ದರು. ನಾವೆಲ್ಲ ಬ್ರೇಕಿನಲ್ಲೇ ಅನ್ನ ತಿನ್ನುವವರು. ನಾನಂತೂ ಇದ್ದ ಬಲವನ್ನೆಲ್ಲ ಹಾಕಿ ತುಳಿದೆ ಎಂದೇ ನಂಬಿದ್ದೆ. ಆದರೂ ಬೆರ್ಚಪ್ಪ ಬಾನೆಟ್ ಮೇಲೆ ಬಂದು ಮಲಗಿದ. ಯಂತ್ರ ನೋಡಿದರೆ ನನ್ನ ಕಾಲು ಮಿಂಚಿನಂತೆ ಹೋಗಿತ್ತು, ಆದರೆ ಒತ್ತಬೇಕಾದಷ್ಟು ಒತ್ತಿರಲಿಲ್ಲ. ಎಲ್ಲರದೂ ಅದೇ ಕಥೆ. ಸುಬ್ಬರಾಯರು ನಗಲಿಲ್ಲ. “ಗಾಬರಿಯಾದ ಮನುಷ್ಯನ ಕಾಲು ಬೇಗ ಹೋಗುತ್ತದೆ ಕಣ್ರಯ್ಯ, ಪೂರ್ತಿ ಹೋಗುವುದಿಲ್ಲ. ಇಷ್ಟು ಸಾಕೇನೋ ಅಂತ ನಡುವೆ ನಿಲ್ಲುತ್ತದೆ. ಉಳಿದದ್ದನ್ನು ಈ ಹೊಸ ಗಾಡಿ ಒತ್ತುತ್ತದೆ, ಅಷ್ಟೇ” ಅಂದರು.

ಪುಸ್ತಕದ ಅಷ್ಟೂ ಪುಟ ನನಗೆ ಆ ಮಾತಿನಲ್ಲಿ ತಿಳಿಯಿತು. ಹೊಸಬರಿಗೆ ನಾನು ಹೇಳುವುದೂ ಹೀಗೆಯೇ. ಪೆಡಲ್ ಎಷ್ಟು ಬೇಗ ಇಳಿಯಿತು ಎಂದು ಗಾಡಿ ನೋಡುತ್ತದೆ. ದಿನನಿತ್ಯದ ಬ್ರೇಕಿನಲ್ಲಿ ಕಾಲು ಸಾವಧಾನವಾಗಿ ಇಳಿಯುತ್ತದೆ. ಅಪಾಯ ಕಂಡಾಗ ಧಡಕ್ಕನೆ ಬೀಳುತ್ತದೆ. ಹಾಗೆ ಬಿದ್ದರೆ, ಇವನು ಹೆದರಿದ್ದಾನೆ ಎಂದು ಅರ್ಥಮಾಡಿಕೊಂಡು ಬೂಸ್ಟರಿನ ಪೂರ್ತಿ ಬಲವನ್ನು ಬ್ರೇಕಿಗೆ ಕೊಡುತ್ತದೆ. ಅಷ್ಟು ಬಲಕ್ಕೆ ಚಕ್ರ ಕಚ್ಚಿಕೊಳ್ಳಬಾರದಲ್ಲ, ಅದನ್ನು ನೋಡಿಕೊಳ್ಳುವುದು ಎ.ಬಿ.ಎಸ್. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಸಲ ಬ್ರೇಕನ್ನು ಸಡಿಲಿಸಿ ಹಿಡಿಯುತ್ತದೆ. ಹಿಂದೆ ನಮ್ಮ ಕಾಲು ಮಾಡುತ್ತಿದ್ದ ಪಂಪನ್ನು ಈಗ ಅದೇ ಮಾಡುತ್ತದೆ. ಆಗ ಪೆಡಲ್ ಕಾಲಿಗೆ ಒದೆಯುತ್ತದೆ, ಗರಗರ ಸದ್ದು ಬರುತ್ತದೆ. ಹೆದರಬಾರದು, ಒತ್ತಿಯೇ ಇರಬೇಕು. ಮೂಟೆ ಎತ್ತುವಾಗ ಹಿಂದಿನಿಂದ ಒಬ್ಬ ಕೈ ಕೊಡುತ್ತಾನೆ ನೋಡಿ, ನಾವು ಬಿಟ್ಟರೆ ಅವನೂ ಬಿಡುತ್ತಾನೆ. ಇದೂ ಹಾಗೇ; ಕಾಲು ಎತ್ತಿದರೆ, ಅಪಾಯ ಕಳೆಯಿತು ಅಂತ ಗಾಡಿ ತನ್ನ ಬಲವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ.

ಇದನ್ನು ತಲೆ ಬೇಗ ಒಪ್ಪಿತು, ಕಾಲು ಒಪ್ಪಲಿಲ್ಲ. ಸುಬ್ಬರಾಯರು ಪಕ್ಕದಲ್ಲಿ ಕೂತು, “ಕಿಟ್ಟಣ್ಣ, ಪಂಪ್ ಹೊಡೆಯೋಕೆ ಇದೇನು ಸೈಕಲ್ಲಾ?” ಎಂದು ಗದರುತ್ತಿದ್ದರು. ಬೆರ್ಚಪ್ಪನ ಬಟ್ಟೆಯೆಲ್ಲ ಹರಿದು ಕೊನೆಗೆ ಬರೀ ಕಡ್ಡಿ ಉಳಿಯಿತು. ಅದಕ್ಕೆ ನಮ್ಮ ಹಳೆಯ ಯೂನಿಫಾರಂ ತೊಡಿಸಿ ಹೊಲದವರಿಗೆ ವಾಪಸ್ಸು ಕೊಟ್ಟೆವು.

ಬ್ರೇಕ್ ಫೇಲ್ ಎಂಬ ಮಾತು ಮಾತ್ರ ಹೊಸ ಗಾಡಿ ಬಂದ ಮೇಲೂ ನಿಲ್ಲಲಿಲ್ಲ. ಒಮ್ಮೆ ನಾಗಮಂಗಲದ ಕಡೆಯವರೊಬ್ಬರ ಹೊಸ ಕಾರು ಚೆಂಡುಹೂವಿನ ಹಾರದ ಸಮೇತ ನಮ್ಮಲ್ಲಿಗೆ ಬಂತು, ಮುಂದಿನ ಬಂಪರ್ ಒಳಗೆ ಹೋಗಿತ್ತು. ಗಂಜಾಂ ದೇವಸ್ಥಾನದ ಮುಂದೆ ಪೂಜೆ ಮಾಡಿಸಿ, ನಿಂಬೆಹಣ್ಣು ತುಳಿಸಿ ಹೊರಟ ಗಾಡಿ, ತಿರುವಿನಲ್ಲಿ ನಿಲ್ಲದೆ ಎಳನೀರಿನ ರಾಶಿಗೆ ನುಗ್ಗಿತ್ತು. ಪುಣ್ಯಕ್ಕೆ ಯಾರಿಗೂ ಏಟಾಗಿರಲಿಲ್ಲ. ಯಜಮಾನರು ಕೆಂಡವಾಗಿದ್ದರು. “ಒಸಾ ಗಾಡಿ ಕಣ್ರೀ! ದೇವ್ರ ಮುಂದೇನೆ ಬ್ರೇಕು ಕೈ ಕೊಡ್ತು ಅಂದ್ರೆ ಏನ್ರೀ ಅರ್ತ?”

ನಾನು ಬಾಗಿ ಪೆಡಲಿನ ಹಿಂದೆ ಕೈ ಹಾಕಿದೆ. ಒಂದು ಚಪ್ಪಲಿ ಸಿಕ್ಕಿತು. ನಮ್ಮ ಕಡೆ ಪೂಜೆಯಾದ ಹೊಸ ಗಾಡಿಯನ್ನು ಮೊದಲ ದಿನ ಚಪ್ಪಲಿ ಹಾಕಿಕೊಂಡು ಓಡಿಸುವುದಿಲ್ಲ. ಬಿಚ್ಚಿದ್ದನ್ನು ಸೀಟಿನಡಿಗೆ ತಳ್ಳುತ್ತಾರೆ. ಅದು ಮುಂದಕ್ಕೆ ಜಾರಿ ಪೆಡಲಿನ ಕೆಳಗೆ ಕೂತರೆ ಬ್ರೇಕಾದರೂ ಇಳಿಯುವುದು ಎಲ್ಲಿಗೆ? ಕಾಲು ಬೇಗ ಹೋಗಲು ಜಾಗವೇ ಇಲ್ಲದಿದ್ದರೆ ಬ್ರೇಕ್ ಅಸಿಸ್ಟಿಗೂ ಏನೂ ತಿಳಿಯುವುದಿಲ್ಲ. ಚಪ್ಪಲಿಯನ್ನು ಅವರ ಕೈಗೆ ಕೊಟ್ಟೆ. ಅವರ ಹೆಂಡತಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕ ನಗುವಿಗೆ ಯಜಮಾನರ ಕೋಪವೂ ಇಳಿಯಿತು. ಅವತ್ತಿನಿಂದ, ಪೂಜೆಗೆ ಹೊರಟ ಯಾವುದೇ ಗಾಡಿಗೂ ನಾನು ಚಪ್ಪಲಿಯನ್ನು ಡಿಕ್ಕಿಯಲ್ಲಿ ಇಡಿ ಅಂತ ಹೇಳಿಯೇ ಕಳಿಸುತ್ತಿದ್ದೆ.

ಇತ್ತೀಚೆಗೆ ಕಣ್ಣಿರುವ ಗಾಡಿಗಳೂ ಬಂದಿವೆ. ಎದುರಿಗೆ ಏನಾದರೂ ಕಂಡರೆ, ನಾವು ಕಾಲಿಡದಿದ್ದರೂ ತಾವೇ ಬ್ರೇಕ್ ಹಾಕುತ್ತವೆ. ಅದು ಬೇರೆ, ನಾನು ಹೇಳುತ್ತಿರುವ ಬ್ರೇಕ್ ಅಸಿಸ್ಟ್ ಬೇರೆ. ಇದಕ್ಕೆ ಕಣ್ಣಿಲ್ಲ, ನಿಮ್ಮ ಕಾಲಿನ ಗಾಬರಿ ಮಾತ್ರ ಗೊತ್ತಾಗುತ್ತದೆ. ನನಗೇಕೋ ಇದರ ಮೇಲೆಯೇ ಪ್ರೀತಿ ಹೆಚ್ಚು.

ಈಗ ಪುಟ್ಟರಾಜುವಿನ ವಿಷಯಕ್ಕೆ ಬರುತ್ತೇನೆ. ನಾನು ನಿವೃತ್ತನಾಗುವ ಹಿಂದಿನ ಚಳಿಗಾಲ. ಪುಟ್ಟರಾಜು ಕೆ.ಆರ್. ಪೇಟೆ ತಾಲ್ಲೂಕಿನವನು, ಸಿಂಧಘಟ್ಟದ ಆಚೆಗಿನ ಒಂದು ಹಳ್ಳಿ. ಐವತ್ತರ ಹತ್ತಿರದ ವಯಸ್ಸು, ಒಂದು ಬಾಡಿಗೆ ಕಾರು ಇಟ್ಟುಕೊಂಡಿದ್ದ. ಸುತ್ತಲಿನ ಊರುಗಳ ಬಸುರಿ ಬಾಣಂತಿಯರು, ಡಯಾಲಿಸಿಸ್ಸಿಗೆ ಮಂಡ್ಯಕ್ಕೆ ಹೋಗುವವರು, ಎಲ್ಲರೂ ಅವನಿಗೇ ಫೋನ್ ಮಾಡುತ್ತಿದ್ದರು. ಮಾತು ಕಮ್ಮಿ, ಗಾಡಿಯನ್ನು ಮಾತ್ರ ಎಮ್ಮೆ ತೊಳೆದಂತೆ ದಿನಾ ತೊಳೆಯುವವನು. ಸರ್ವಿಸ್‌ಗೆ ಬಂದಾಗ ನನಗೆ ಒಂದಷ್ಟು ಅವರೆಕಾಯಿ ತಂದುಕೊಡುತ್ತಿದ್ದ.

ಅವತ್ತು ಅವನ ಕಾರನ್ನು ಇನ್ನೊಂದು ಗಾಡಿ ಎಳೆದುಕೊಂಡು ಬಂತು. ಓಡುವ ಸ್ಥಿತಿಯಲ್ಲೇ ಇತ್ತು, ಆದರೆ ಪುಟ್ಟರಾಜು ಅದನ್ನು ಮುಟ್ಟಲು ಒಪ್ಪಿರಲಿಲ್ಲವಂತೆ. ಗೇಟಿನ ಹತ್ತಿರ ಕಾರಿಗೆ ಬೆನ್ನು ಹಾಕಿ ನಿಂತಿದ್ದ. ಕಾರಿನಡಿಯಲ್ಲಿ ಹುರುಳಿ ಸೊಪ್ಪು ಸಿಕ್ಕಿಕೊಂಡು ನೇತಾಡುತ್ತಿತ್ತು.

ಹೊರಗಿನವರಿಗೆ ಒಂದು ಮಾತು ಹೇಳಬೇಕು. ಸಂಕ್ರಾಂತಿಯ ಆಸುಪಾಸಿನಲ್ಲಿ ನಮ್ಮ ಕಡೆಯ ಹಳ್ಳಿ ರಸ್ತೆಗಳಲ್ಲಿ ಕಿತ್ತು ತಂದ ಹುರುಳಿ ಗಿಡವನ್ನು ಟಾರಿನ ಮೇಲೆ ಹಾಸುತ್ತಾರೆ. ಓಡಾಡುವ ಗಾಡಿಗಳೇ ಒಕ್ಕಣೆ ಮಾಡಿಕೊಟ್ಟು ಹೋಗುತ್ತವೆ. ಕಣ ಮಾಡಿ ಒಕ್ಕುವ ಶ್ರಮ ಯಾರಿಗೆ ಬೇಕು? ಆದರೆ ಒಣ ಸೊಪ್ಪಿನ ಮೇಲೆ ಟೈರಿಗೆ ಹಿಡಿತವೇ ಸಿಗುವುದಿಲ್ಲ. ಬ್ರೇಕು ನಿಲ್ಲಿಸುವುದು ಚಕ್ರವನ್ನು. ಗಾಡಿ ನಿಲ್ಲಬೇಕಾದರೆ ಕೆಳಗೆ ರಸ್ತೆ ಸಿಗಬೇಕು.

ಹಾಗೆ ಹಾಸಿದ ಸೊಪ್ಪನ್ನು ಕೆಂಪಮ್ಮ ಎಂಬಾಕೆ ರಸ್ತೆ ನಡುವೆ ನಿಂತು ಕವೆಗೋಲಿನಲ್ಲಿ ತಿರುವಿ ಹಾಕುತ್ತಿದ್ದಳು. ಪೇಟೆಯಲ್ಲಿ ರೋಗಿಯನ್ನು ಇಳಿಸಿ ಬರುತ್ತಿದ್ದ ಪುಟ್ಟರಾಜು ತಿರುವು ದಾಟಿದವನೇ ಅವಳನ್ನು ಕಂಡು ಬ್ರೇಕ್ ಹಾಕಿದ್ದಾನೆ. ಗಾಡಿ ಜಾರಿಕೊಂಡು ಹೋಗಿ ಅವಳಿಗೆ ಬಡಿಯಿತು. ಅವಳ ಕಾಲು ಮುರಿಯಿತು. ಕೆಂಪಮ್ಮ ಅವನಿಗೆ ವರಸೆಯಲ್ಲಿ ಅತ್ತೆ. ಹೆತ್ತವ್ವ ತೀರಿಕೊಂಡಾಗ ಅವನಿನ್ನೂ ಚಿಕ್ಕವನು, ಆಮೇಲೆ ಅವನು ಬೆಳೆದದ್ದು ಅವಳ ಕೈತುತ್ತಿನಲ್ಲಿ. ಪೊಲೀಸು ಗಿಲೀಸು ಅಂದರೆ ನೋಡಿ ಅಂತ ಆಸ್ಪತ್ರೆಯ ಮಂಚದಿಂದಲೇ ಅವಳು ಮಕ್ಕಳನ್ನು ಗದರಿದ್ದಳಂತೆ.

“ಒತ್ದೆ ಅಣ್ಣ,” ಅಂದ ಪುಟ್ಟರಾಜು. “ಒತ್ತಿದ್ ತಕ್ಷಣ ಪೆಡ್ಲು ಕಾಲ್ಗೆ ಒದೀತು. ಗರ್ರ್ ಅಂತು. ಏನೋ ಮುರ್ದೋಯ್ತು ಅನ್ಕಂಡು ಕಾಲ್ ಎತ್ಬುಟ್ಟೆ. ಆಮ್ಯಾಕೆ ಪಂಪ್ ಮಾಡ್ದೆ, ಪಂಪ್ ಮಾಡ್ದೆ... ನಿಲ್ನಿಲ್ಲ.”

ಅಷ್ಟು ಕೇಳಿದ್ದಕ್ಕೇ ಏನಾಗಿದೆ ಎಂದು ನನಗೆ ಅಂದಾಜಾಯಿತು, ಆದರೆ ಪರೀಕ್ಷೆ ಮಾಡದೆ ಏನನ್ನೂ ಹೇಳಬಾರದಲ್ಲ. ಆಗ ನನ್ನ ಸಾಹೇಬರ ಜಾಗದಲ್ಲಿ ಕಾವ್ಯ ಎಂಬ ಇಂಜಿನಿಯರ್ ಇದ್ದರು, ನನ್ನ ಮಗಳಿಗಿಂತ ಚಿಕ್ಕವರು, ಕೆಲಸದಲ್ಲಿ ಬಲು ಚುರುಕು. ಅವರು ಲ್ಯಾಪ್‌ಟಾಪ್ ಜೋಡಿಸಿ ನೋಡಿದರು, ಬ್ರೇಕಿನ ಕಂಪ್ಯೂಟರಿನಲ್ಲಿ ಯಾವ ದೋಷವೂ ದಾಖಲಾಗಿರಲಿಲ್ಲ. ನಾನು ಚಕ್ರ ಬಿಚ್ಚಿ ನೋಡಿದೆ. ಆಮೇಲೆ ಹಿಂದಿನ ಜಾಗದಲ್ಲಿ ಓಡಿಸಿ ಧಡಕ್ಕನೆ ತುಳಿದೆ. ಗಾಡಿ ಗಕ್ಕನೆ ನಿಂತಿತು. ಆ ಕಾರಿನಲ್ಲಿ ಯಾವ ಐಬೂ ಇರಲಿಲ್ಲ.

“ಕಾಲೆತ್ತದೆ ಇದ್ದಿದ್ದರೆ ನಿಲ್ಲುತ್ತಿತ್ತಾ ಮೇಡಂ?” ಅಂತ ಕೇಳಿದೆ. ಕಾವ್ಯ ಲ್ಯಾಪ್‌ಟಾಪ್ ಮುಚ್ಚಿ, “ಅಷ್ಟು ಸೊಪ್ಪಿನ ಮೇಲೆ ನಿಲ್ಲುತ್ತಿತ್ತು ಅಂತ ಹೇಳೋಕಾಗಲ್ಲ ಕಿಟ್ಟಣ್ಣ. ಇನ್ನೂ ನಿಧಾನ ಆಗ್ತಿತ್ತು. ಅಷ್ಟು ಮಾತ್ರ ಹೇಳಬಹುದು” ಅಂದರು.

ಪುಟ್ಟರಾಜುವಿಗೆ ಅದನ್ನೇ ಹೇಳಲು ಹೋದೆ. ಅವನು ನನ್ನ ಮುಖ ನೋಡಿಯೇ ತಿಳಿದುಕೊಂಡ. ನನ್ನ ಎರಡೂ ಕೈ ಹಿಡಿದುಕೊಂಡು, “ಬ್ರೇಕ್ ಫೇಲಾಗಿತ್ತು ಅಂತ ಒಂದ್ ಮಾತ್ ಏಳ್ಬುಡಿ ಅಣ್ಣ. ನಿಮ್ ಮಾತ್ನ ಊರೋರೆಲ್ಲ ನಂಬ್ತಾರೆ. ನಂಗೆ ಅತ್ತೆ ಮೊಕ ನೋಡಾಕಾಯ್ತದೆ” ಅಂದ.

ಹೇಳಿಬಿಡೋಣ ಅನ್ನಿಸಿತು, ನಿಜ ಹೇಳುತ್ತೇನೆ. ಒಂದು ಸುಳ್ಳಿನಿಂದ ಒಬ್ಬ ಒಳ್ಳೆಯ ಮನುಷ್ಯ ತಲೆಯೆತ್ತಿ ನಡೆಯುವುದಾದರೆ ಯಾರ ಗಂಟು ಹೋಗುತ್ತದೆ? ಆದರೆ ಅವನ ಕಾಲು? ಈ ಕಾರನ್ನು ಮಾರಿ ಇನ್ನೊಂದು ತಂದರೂ ಪೆಡಲ್ ಒದ್ದ ತಕ್ಷಣ ಅದು ಮತ್ತೆ ಎತ್ತಿಕೊಳ್ಳುತ್ತದೆ. ಆಗ ಎದುರಿಗೆ ಯಾರಿರುತ್ತಾರೋ. “ಬ್ರೇಕ್ ಸರಿಯಾಗೇ ಅದೆ ಪುಟ್ಟರಾಜು,” ಅಂದೆ. “ಸುಳ್ಳೇಳಿದ್ರೆ ನಾಳೆ ನಿಂಗೇ ತೊಂದ್ರೆ ಕಣಪ್ಪ.”

“ಅಂಗಾರೆ ಅತ್ತೆ ಕಾಲ್ನ ಮುರ್ದೋನು ನಾನೇಯ” ಅಂದು ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕೂತು ಅತ್ತುಬಿಟ್ಟ. ನಾನೂ ಪಕ್ಕದಲ್ಲಿ ಕೂತೆ. ಪಂಪ್ ಮಾಡುವುದನ್ನು ಯಾರು ಕಲಿಸಿದರು ಅಂತ ಕೇಳಿದೆ. ಮೊದಲು ತಾನು ಓಡಿಸುತ್ತಿದ್ದ ಹಳೆಯ ಟೆಂಪೋದ ಯಜಮಾನ ಕಲಿಸಿದ್ದು ಅಂದ. “ನಂಗೂ ಅದನ್ನೇ ಕಲ್ಸಿದ್ರು. ಆ ಗಾಡೀಲಿ ನೀನಿದ್ದಿದ್ರೆ ನೀನ್ ಮಾಡಿದ್ದು ಸರಿಯಾಗೇ ಇರ್ತಿತ್ತು” ಅಂದೆ.

ಭಾನುವಾರ ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕೆಂಪಮ್ಮನ ಮನೆಗೆ ಹೋದೆ. ಆಸ್ಪತ್ರೆಯಿಂದ ಬಂದು ಜಗಲಿಯ ಮೇಲೆ ಪ್ಲಾಸ್ಟರ್ ಹಾಕಿದ ಕಾಲು ಚಾಚಿಕೊಂಡು ಕೂತಿದ್ದಳು. ಪುಟ್ಟರಾಜು ಅಂಗಳದಲ್ಲೇ ನಿಂತ. ದಾರಿಯುದ್ದಕ್ಕೂ ಕಲಿತು ಬಂದಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದ.

“ಅತ್ತೆ, ಬ್ರೇಕ್ ಕೆಟ್ಟಿರ್ನಿಲ್ಲ. ನಾನೇ ಎದ್ರಿ ಕಾಲೆತ್ಬುಟ್ಟೆ.”

ಕೆಂಪಮ್ಮ ಅವನನ್ನು ನೋಡಿದಳು. “ಅದ್ನ ಏಳಕ್ಕೆ ಇಷ್ಟ್ ದಿನ ಬೇಕಾಯ್ತೇನ್ಲಾ? ಆಸ್ಪತ್ರೇಲಿ ಬಾಕ್ಲು ಸದ್ದಾದಾಗ್ಲೆಲ್ಲ ನೀನೇ ಬಂದೆ ಅನ್ಕಂಡು ನೋಡ್ತಿದ್ದೆ. ಕಾಲ್ ಮುರ್ದಿದ್ದಕ್ಕಲ್ಲ ಕಣ್ಲಾ, ನೀ ಬರ್ನಿಲ್ವಲ್ಲ, ಅದಕ್ಕೆ ನಂಗ್ ಸಿಟ್ಟು.”

ಅವಳೇ ಮುಂದುವರಿಸಿದಳು. “ಗಾಡಿ ಮುಟ್ತಾ ಇಲ್ವಂತೆ. ಮೊನ್ನೆ ಪಕ್ಕದ್ಮನೆ ನಿಂಗಿ ಸೊಸೆಗೆ ನೋವು ಬಂದಾಗ ಬರಾಕಿಲ್ಲ ಅಂದ್ಯಂತೆ. ಅವ್ರು ಟ್ರಾಕ್ಟರಲ್ಲಿ ಕರ್ಕಂಡೋದ್ರಂತೆ ಬಸ್ರೀನ. ಮೊದ್ಲು ಓಗಿ ಗಾಡಿ ಓಡ್ಸು. ಆಮ್ಯಾಕೆ ನನ್ ಮುಂದೆ ಬಾ.” ಅಷ್ಟು ಹೇಳಿ ಮುಖ ತಿರುಗಿಸಿದಳು. ಒಳಗಿಂದ ಸೊಸೆ ಕಾಫಿ ತಂದರೆ ನನಗೆ ಮಾತ್ರ ಕೊಡು ಅಂದಳು. ನಾನು ಲೋಟವನ್ನು ಜಗಲಿಯ ಮೇಲಿಟ್ಟು ಎದ್ದೆ.

ಊರಾಚೆ ಒಂದು ಬಯಲು ಇತ್ತು. ನನ್ನ ರಜೆಯ ದಿನಗಳಲ್ಲಿ ಪುಟ್ಟರಾಜುವನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ನೆಲಕ್ಕೆ ಒಕ್ಕಿ ಉಳಿದ ಸೊಪ್ಪು ಹಾಸಿ, ಅವನನ್ನು ಸ್ಟಿಯರಿಂಗಿಗೆ ಕೂರಿಸಿದೆ. ಮೊದಲ ದಿನ ಬರೀ ಕೂತು ಎದ್ದು ಹೋದ. ಆಮೇಲೆ ನಿಧಾನವಾಗಿ ಓಡಿಸಿದ. ಆದರೆ ತುಳಿ ಅಂದಾಗ ತುಳಿಯುವನು, ಪೆಡಲ್ ಗರಗರ ಅಂದ ತಕ್ಷಣ ಕಾಲು ಕಿತ್ತುಕೊಳ್ಳುವನು. ನಾನು ಪಕ್ಕದಲ್ಲಿ ಕೂತು ಒಳ್ಳೆಯ ಮಾತಿನಲ್ಲಿ ಹೇಳಿದೆ, ಬೈದು ಹೇಳಿದೆ, ಸುಬ್ಬರಾಯರ ಸೈಕಲ್ ಪಂಪಿನ ಮಾತನ್ನೂ ಆಡಿದೆ. ಅವನ ಹಣೆಯ ಮೇಲೆ ಬೆವರು ಇಳಿಯುತ್ತಿತ್ತೇ ಹೊರತು ಕಾಲು ನಿಲ್ಲಲಿಲ್ಲ.

ಅವನ ಹೆಂಡತಿ ನಾಗರತ್ನ ಬುತ್ತಿ ತಂದು ದಿನವೂ ಬಯಲಿನಂಚಿನಲ್ಲಿ ಕೂತು ನೋಡುತ್ತಿದ್ದಳು. ಒಂದು ದಿನ ಎದ್ದು ಬಂದು ನನ್ನ ಕಡೆಯ ಬಾಗಿಲು ತೆಗೆದಳು. “ಅಣ್ಣ, ನೀವ್ ಇಂದೆ ಕೂತ್ಕಳಿ.” ಹೆಡ್ ಮೆಕ್ಯಾನಿಕ್ಕಾದ ನಾನು ಸುಮ್ಮನೆ ಹಿಂದಿನ ಸೀಟಿಗೆ ಹೋದೆ. ಗಾಡಿ ಸೊಪ್ಪಿನ ಹತ್ತಿರ ಬಂದು ಪುಟ್ಟರಾಜು ಬ್ರೇಕ್ ತುಳಿದ ಕ್ಷಣಕ್ಕೆ ಅವಳು ತನ್ನ ಅಂಗೈಯನ್ನು ಅವನ ಮೊಣಕಾಲಿನ ಮೇಲೆ ಇಟ್ಟು ಒತ್ತಿದಳು. “ಎತ್ಬ್ಯಾಡಿ. ನಾನಿವ್ನಿ, ಎತ್ಬ್ಯಾಡಿ.” ಪೆಡಲ್ ಒದೆಯಿತು, ಗಾಡಿ ಅದುರಿತು, ಸೊಪ್ಪು ಕೆಳಗೆ ಕರಕರ ಅಂತು. ಕಾಲು ಏಳಲಿಲ್ಲ. ಗಾಡಿ ನಿಂತ ಮೇಲೂ ಇಬ್ಬರೂ ಹಾಗೇ ಕೂತಿದ್ದರು, ಅವಳ ಕೈ ಅವನ ಮೊಣಕಾಲಿನ ಮೇಲೆ. ನಾನು ಕಿಟಕಿಯಾಚೆ ನೋಡಿಕೊಂಡು ಕೂತೆ. ಬ್ರೇಕ್ ಅಸಿಸ್ಟ್ ಬಗ್ಗೆ ನಾನು ಓದಿದ್ದು, ಕೇಳಿದ್ದು, ಬೇರೆಯವರಿಗೆ ಹೇಳಿದ್ದು ಎಲ್ಲಕ್ಕಿಂತ ಚೆನ್ನಾಗಿ ಆಕೆ ಅದನ್ನು ಮಾಡಿ ತೋರಿಸಿದಳು. ನನಗೆ ಮನೆಯಲ್ಲಿ ಕಾಯುತ್ತಿದ್ದ ಜಯಮ್ಮನ ನೆನಪಾಯಿತು.

ಇನ್ನೂ ಕೆಲವು ದಿನ ಅವಳ ಕೈ ಬೇಕಾಯಿತು, ಆಮೇಲೆ ಬೇಕಾಗಲಿಲ್ಲ. ಪುಟ್ಟರಾಜು ಮತ್ತೆ ರೋಗಿಗಳನ್ನು ಕರೆದೊಯ್ಯಲು ಶುರುಮಾಡಿದ. ರಸ್ತೆಯಲ್ಲಿ ಸೊಪ್ಪು ಕಂಡರೆ ದೂರದಿಂದಲೇ ನಿಧಾನ ಮಾಡುತ್ತಿದ್ದ. ಆದರೆ ಕೆಂಪಮ್ಮನ ಬೀದಿಗೆ ಮಾತ್ರ ಗಾಡಿ ತಿರುಗಿಸಲಿಲ್ಲ. ಹೋಗಪ್ಪ ಅಂದರೆ, “ಓಯ್ತೀನಿ ಅಣ್ಣ, ಓಯ್ತೀನಿ” ಎನ್ನುತ್ತಲೇ ಇದ್ದ.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ನಾಗರತ್ನ ಫೋನ್ ಮಾಡಿದಳು. “ಅಣ್ಣ, ಅತ್ತೆ ಕಾಲಿನ ಪ್ಲಾಸ್ಟರ್ ಬಿಚ್ಚವ್ರೆ. ಇವ್ರಿಗೆ ಗಾಡಿ ತಕ್ಕಂಡು ಬಯಲ್ತಾವ್ಕೆ ಬಾ ಅಂತ ಏಳ್ ಕಳ್ಸವ್ರೆ. ಇವ್ರು ಗಾಡಿ ಬೀಗ್ದಕೈ ಇಡ್ಕಂಡು ಬಾಕ್ಲಲ್ಲೇ ಕೂತವ್ರೆ. ನೀವೂ ಬನ್ನಿ.”

ಹೋಗಿ ನೋಡಿದರೆ ಬಯಲಿನಲ್ಲಿ ಕೆಂಪಮ್ಮನ ಹುರುಳಿ ಹಾಸಿದೆ. ಅವಳು ಬಿದ್ದ ದಿನದಿಂದ ಒಕ್ಕದೆ ಮನೆಯ ಹಿಂದೆ ಹಾಗೇ ಒಟ್ಟಿದ್ದ ಹುರುಳಿ. ಟ್ರಾಕ್ಟರ್ ತರುತ್ತೇವೆ ಅಂತ ಮಕ್ಕಳು ಅಂದದ್ದಕ್ಕೆ ಬೇಡ ಅಂದಿದ್ದಳಂತೆ. ಕವೆಗೋಲು ಊರಿಕೊಂಡು, ಒಂದು ಕಾಲು ಎಳೆದುಕೊಂಡು, ಸೊಪ್ಪಿನ ನಡುವೆ ನಿಂತಿದ್ದಳು.

“ಬಂದ್ಯೇನ್ಲಾ? ನನ್ ಹುಳ್ಳಿ ತುಳ್ಸಿಕೊಡು.”

“ಕಾರಲ್ಲಿ ಬೇಡ ಕೆಂಪಮ್ಮ,” ಅಂದೆ ನಾನು. “ಸೈಲೆನ್ಸರ್ ಬಿಸಿಗೆ ಸೊಪ್ಪು ಹತ್ಕೊಂಡ್ರೆ ಕಷ್ಟ.”

“ಅಂಗಾರೆ ಒಂದ್ ಬಿಂದ್ಗೆ ನೀರಿಡ್ಕಂಡು ಅಲ್ ನಿಂತ್ಕಳಿ ಸಾಮಿ” ಅಂದಳು. ನಾನು ಬಿಂದಿಗೆ ಹಿಡಿದು ನಿಂತೆ.

ಪುಟ್ಟರಾಜು ಗಾಡಿ ಹತ್ತಿದ. ನಾಗರತ್ನ ಮುಂದಿನ ಸೀಟಿನಲ್ಲಿ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಳು. ಅವನು ಕಿಟಕಿಯಿಂದ ತಲೆ ಹೊರಹಾಕಿ, “ಅತ್ತೆ, ಅಂಚಿಗೆ ಓಗು. ಮದ್ಯ ನಿಂತ್ಕಬ್ಯಾಡ” ಎಂದು ಕೂಗಿದ. “ನಿನ್ ಕೆಲ್ಸ ನೀ ಮಾಡ್ಲಾ, ನನ್ ಕೆಲ್ಸ ನಾ ಮಾಡ್ತೀನಿ” ಅಂದಳು ಕೆಂಪಮ್ಮ. ಅವನು ಅವಳಿಂದ ದೂರ ದೂರದಲ್ಲಿ ಸುತ್ತಿದ. ಮೊದಲ ಸುತ್ತಿಗೆ ಕಾಯಿ ಸಿಡಿಯುವ ಸದ್ದು ಬಂತು. ಸುತ್ತು ಮುಗಿದಾಗಲೆಲ್ಲ ನಾನು ಬಗ್ಗಿ ಗಾಡಿಯಡಿ ಸಿಕ್ಕಿದ ಸೊಪ್ಪು ಕಿತ್ತು ಹಾಕಿದೆ. ಅಂಚಿನದ್ದೆಲ್ಲ ತುಳಿದು ಮುಗಿಯಿತು, ನಡುವಿನದ್ದು ಉಳಿಯಿತು. ಅದನ್ನು ತುಳಿಸಬೇಕಾದರೆ ಅವಳು ನಿಂತ ಕಡೆಗೇ ಹೋಗಬೇಕು.

ಪುಟ್ಟರಾಜು ತಿರುಗಿಸಿಕೊಂಡು ಹೊರಟ. ಅವನು ಬರುತ್ತಿರುವುದನ್ನು ನೋಡಿದ ಕೆಂಪಮ್ಮ ಪಕ್ಕಕ್ಕೆ ಸರಿಯಲಿಲ್ಲ. ಗಾಡಿಗೆ ಬೆನ್ನು ಹಾಕಿ, ಬಗ್ಗಿ ಸೊಪ್ಪು ತಿರುವತೊಡಗಿದಳು. ನನ್ನ ಕೈಯ ಬಿಂದಿಗೆಯಿಂದ ನೀರು ತುಳುಕಿ ಪಾದದ ಮೇಲೆ ಬಿತ್ತು. ಗಾಡಿ ನಿಧಾನವಾಯಿತು, ಸೊಪ್ಪಿನ ಮೇಲೆ ಒಂದಿಷ್ಟು ಜಾರಿತು, ಪುಟ್ಟರಾಜು ಕಾಲೆತ್ತದೆ ಅವಳಿಂದ ಒಂದಾಳುದ್ದ ದೂರದಲ್ಲಿ ನಿಲ್ಲಿಸಿದ. ಇಂಜಿನ್ನಿನ ಸದ್ದು ಅವಳಿಗೆ ಕೇಳಿಸದೆ ಇರಲಿಲ್ಲ. ಆದರೂ ಅಷ್ಟು ಜಾಗದ ಸೊಪ್ಪನ್ನೆಲ್ಲ ತಿರುವಿ ಹಾಕುವ ತನಕ ಕೆಂಪಮ್ಮ ಹಿಂದಿರುಗಿ ನೋಡಲಿಲ್ಲ.